ಕೊಣ್ಣೂರು: ಬೀಳದೆ ಉಳಿದ ಮನೆಗಳ ಬೂಸರ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ನವಲಗುಂದ, ನರಗುಂದ ದಾಟಿ ಮಲಪ್ರಭೆಯನ್ನು ಹಾಯುವ ಜಾಗದಲ್ಲಿ ಕೊಣ್ಣೂರಿದೆ. ಹೊಳೆಯ ಈ ದಂಡೆ ಗದಗ ಜಿಲ್ಲೆ, ಆ ದಂಡೆಯ ಗೋವನಕೊಪ್ಪ ಬಾಗಲಕೋಟೆ ಜಿಲ್ಲೆ. ಬಸ್ಸಿನಲ್ಲಿ ಹಾದುಹೋಗುವವರಿಗೆ ಈ ಊರು ಪೇರಲ ಹಣ್ಣಿನಿಂದ ಪರಿಚಯ. ಶಾಸನ ಓದುವವರಿಗೆ ರಾಷ್ಟ್ರಕೂಟ ಅಮೋಘವರ್ಷನಿಂದ ಪರಿಚಯ: ಊರಿನ ಪರಮೇಶ್ವರ ಗುಡಿಯ ಗೋಡೆಯಲ್ಲಿದ್ದ ಕಲ್ಲು, ಕ್ರಿ.ಶ. 860ರಲ್ಲಿ ಅವನ ಸಾಮಂತ ಬಂಕೇಯನ ಕೋರಿಕೆಯಂತೆ ಇಲ್ಲಿನ ಬಸದಿಗೆ ಕೊಟ್ಟ ದಾನದ ಮಾತು ಹೇಳುತ್ತದೆ. ಕೊಳನೂರು ಎಂಬುದು ಅದರಲ್ಲಿರುವ ಹೆಸರು. ಗೋಕಾಕದ ಹತ್ತಿರದ ಕೊಣ್ಣೂರು ಬೇರೆ, ಇದು ಬೇರೆ.

ನಾನು ನೋಡಬೇಕೆಂದು ಬಂದದ್ದು ಗುಡಿಯ ಗೋಡೆಯನ್ನಲ್ಲ, ಮನೆಗಳ ಗೋಡೆಯನ್ನು. ಅದಕ್ಕೆ ಮಹಾನವಮಿಗೆ ಮುಂಚಿನ ವಾರಕ್ಕಿಂತ ಒಳ್ಳೆಯ ವೇಳೆ ಇಲ್ಲ. ಈ ಸೀಮೆಯಲ್ಲಿ ಆ ವಾರ ಮನೆ ಪೂರಾ ಹೊರಗೆ ಬರುತ್ತದೆ. ಟ್ರಂಕು, ಭಾಂಡೆ, ಹಾಸಿಗೆ, ಜೋಳದ ಚೀಲ ಎಲ್ಲ ಕಟ್ಟೆಯ ಮೇಲೆ. ಕೌದಿಗಳೆಲ್ಲ ಹೊಳೆಗೆ. ಮನೆಯಲ್ಲಿ ಏನು ಹಸಿಯಾಗಿದೆ, ಏನು ಕೊಳೆತಿದೆ ಎಂಬುದು ಆಗ ಬೀದಿಗೇ ಗೊತ್ತಾಗುತ್ತದೆ.

ಹೊಸ ಸೇತುವೆಯ ಮೇಲೆ ನಿಂತರೆ ಕೆಳಗೆ ಹಳೆಯ ಸೇತುವೆ ಕಾಣುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿಗೆ ಬರುವಾಗ ಸವದತ್ತಿಯ ನವಿಲುತೀರ್ಥದಲ್ಲಿ ಒಮ್ಮೆ ಅಣೆಕಟ್ಟಿನ ಹಿಂದೆ ನಿಂತು ಬರುತ್ತದೆ. ಬೇಸಿಗೆಯಲ್ಲಿ ಹೊಳೆಯೆಂದರೆ ಮರಳಿನ ನಡುವೆ ಸಣ್ಣ ನೀರು. ಅಣೆಕಟ್ಟು ತುಂಬಿ ಬಾಗಿಲು ತೆರೆದರೆ ಅದೇ ಹೊಳೆ ಊರಿನೊಳಗೆ ಬರುತ್ತದೆ. 2009ರ ಅಕ್ಟೋಬರ್‌ನಲ್ಲಿ ಈ ಸೀಮೆ ಮುಳುಗಿತ್ತು. 2019ರ ಆಗಸ್ಟ್‌ನಲ್ಲಿ ಅದಕ್ಕಿಂತ ಜೋರಾಗಿ ಬಂತು. ಕೊಣ್ಣೂರಿನ ಬಳಿ ಹೆದ್ದಾರಿಯೇ ಕಿತ್ತುಹೋಗಿ ಹುಬ್ಬಳ್ಳಿ–ವಿಜಯಪುರ ಸಂಚಾರ ನಿಂತಿತು. ಲಖಮಾಪುರ, ವಾಸನ, ಹೊಳೆಆಲೂರು ಕಡೆಯ ಊರುಗಳ ಜನ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಉತ್ತರ ಕರ್ನಾಟಕದ ಮನೆಮನೆಯಿಂದ ಕಟಕ ರೊಟ್ಟಿಯ ಗಂಟುಗಳು ಹೊಳೆಸಾಲಿನ ಊರುಗಳಿಗೆ ಹೋದವು. ಮರುವರ್ಷ, 2020ರ ಆಗಸ್ಟ್‌ನಲ್ಲಿ, ಹೊಳೆ ಮತ್ತೆ ರಸ್ತೆಗೆ ಬಂತು.

2019ರ ನೆರೆಯ ನಂತರ ಸರಕಾರ ಮನೆಗಳನ್ನು ಮೂರು ವರ್ಗ ಮಾಡಿತು. ಪೂರ್ತಿ ಬಿದ್ದದ್ದು ‘ಎ’, ಅದಕ್ಕೆ 5 ಲಕ್ಷ ರೂಪಾಯಿ. ಅರೆಬರೆ ಬಿದ್ದದ್ದು ‘ಬಿ’. ಸ್ವಲ್ಪ ಹಾನಿಯಾದದ್ದು ‘ಸಿ’, 50 ಸಾವಿರ. ಯಾರ ಮನೆ ಯಾವ ವರ್ಗ ಎಂಬ ಜಗಳ ವರ್ಷಗಟ್ಟಲೆ ನಡೆಯಿತು, ತಹಶೀಲ್ದಾರ ಕಚೇರಿಯ ಮುಂದೆ ಧರಣಿಗಳಾದವು. ಆ ಜಗಳ ನ್ಯಾಯವಾದದ್ದೇ. ನಾನು ಇಲ್ಲಿ ಹೇಳಬೇಕೆಂದಿರುವುದು ಆ ಮೂರೂ ವರ್ಗದಲ್ಲಿ ಸರಿಯಾಗಿ ಕೂಡದ ಮನೆಗಳ ಬಗ್ಗೆ. ನೀರು ಹೊಕ್ಕಿತು, ಗೋಡೆ ಸೊಂಟದ ಮಟ್ಟ ಕುಡಿಯಿತು, ಆದರೆ ಬೀಳಲಿಲ್ಲ. ಬಿದ್ದ ಗೋಡೆಗೆ ಅಳತೆ ಇದೆ, ನೆನೆದ ಗೋಡೆಗೆ ಇಲ್ಲ. ಬೀಳದ ಮನೆಗೆ ಜನ ಮರಳಿ ಹೋದರು, ಅದರಲ್ಲೇ ಉಂಡರು, ಮಲಗಿದರು. ಕಾಯಿಲೆ ಬೆಳೆದದ್ದು ಅಲ್ಲಿ.

ಹೆದ್ದಾರಿ ಬಿಟ್ಟು ಹಳೆಯ ಊರಿನ ಓಣಿಗೆ ಇಳಿದರೆ ಮಾಳಿಗೆ ಮನೆಗಳ ಸಾಲು ಸುರು. ಒಂದೂವರೆ ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಜಂತಿ, ಅದರ ಮೇಲೆ ಮಣ್ಣು. ಮುಂದಿನ ಅಂಕಣದಲ್ಲಿ ದನ, ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಮೂಲೆಯಲ್ಲಿ ಬಚ್ಚಲು. ಕಿಟಕಿ ಇಲ್ಲವೇ ಇಲ್ಲ ಎನ್ನಬಹುದು; ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಈ ಮನೆ ಕಟ್ಟಿದವರು ದಡ್ಡರಲ್ಲ. ಇದು ಕಡಿಮೆ ಮಳೆಯ, ಬಿಸಿಲಿನ ನಾಡು. ಏಪ್ರಿಲ್‌ನಲ್ಲಿ ಹೊರಗೆ ನೆಲ ಸುಡುವಾಗ ಒಳಗೆ ತಂಪಾಗಿ ಮಲಗಬಹುದು. ಮಲೆನಾಡಿನವರು ಬೂಷ್ಟನ್ನು, ಅಂದರೆ ಇಲ್ಲಿನವರು ಬೂಸರ ಎನ್ನುವುದನ್ನು, ಮೊದಲೇ ಬಲ್ಲವರು. ಇಳಿಜಾರು ಹೆಂಚು, ಉದ್ದ ಸೂರು, ಒಲೆಯ ಹೊಗೆ ತಾಗುವ ಅಟ್ಟ, ಎಲ್ಲ ಅದಕ್ಕಾಗಿಯೇ. ಇಲ್ಲಿನ ಮನೆಯ ವೈರಿ ಬಿಸಿಲು, ಆದ್ದರಿಂದ ಬಿಸಿಲು ಒಳಗೆ ಬರದಂತೆ ಕಟ್ಟಿದರು. ಅಂಥ ಮನೆಯೊಳಗೆ ಹೊಳೆ ಬಂದು ಕುಳಿತರೆ ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ.

ಒಂದು ಮನೆಯ ಕಟ್ಟೆಯ ಮೇಲೆ ಹೆಣ್ಣುಮಗಳೊಬ್ಬರು ಮಕ್ಕಳ ಪುಸ್ತಕ ಹರವಿದ್ದರು. ರಟ್ಟಿನ ಮೇಲೆ ಬೂದುಹಸಿರು ಚುಕ್ಕೆ. ಒಳಗೆ ಬರಬಹುದೇ ಎಂದು ಕೇಳಿದೆ.

“ಬರ್ರಿ ಅಣ್ಣಾರ, ನೋಡ್ರಿ. ಗ್ವಾಡಿ ಹಸೀನ ಐತಿ. ಎಷ್ಟ ಸಾರಸಿದ್ರೂ ಬೂಸರ ಮತ್ತ ಬರತೈತಿ.”

ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಮೂಗಿಗೆ ತಿಳಿಯಿತು. ಹಸಿ ಮಣ್ಣಿನ ವಾಸನೆಯಲ್ಲ, ಅದು ಹಿತವಾಗಿರುತ್ತದೆ. ಮುಚ್ಚಿಟ್ಟ ಹಳೆಯ ಚೀಲ ಬಿಚ್ಚಿದಂಥ ಮುಗ್ಗಲು. ತಿಜೋರಿಯನ್ನು ಗೋಡೆಯಿಂದ ಈಚೆ ಎಳೆದಿದ್ದರು. ಅದರ ಬೆನ್ನಿಗಿದ್ದ ಗೋಡೆಯ ತುಂಬ ಕಪ್ಪು ಚುಕ್ಕೆ. ನೆಲದಿಂದ ಮೂರಡಿಯವರೆಗೆ ಸಿಮೆಂಟಿನ ಗಿಲಾವು, ಅದರ ಅಂಚಿನ ಮೇಲೆ ಹೊಸದಾಗಿ ಎದ್ದ ಹಸಿಯ ಗೆರೆ, ಬಿಳಿ ಉಪ್ಪು, ಪುಡಿಯಾಗಿ ಉದುರುವ ಮಣ್ಣು. ನೆರೆಯ ನಂತರ ಗಟ್ಟಿಯಾಗಲಿ ಎಂದು ಸಿಮೆಂಟ್ ಹಾಕಿಸಿದ್ದಂತೆ. ಇದೇ ಗೆರೆಯನ್ನು ಆ ಓಣಿಯ ಹಲವು ಮನೆಗಳಲ್ಲಿ ಕಂಡೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರೆಭೂಮಿ ನೀರು ಕುಡಿದರೆ ಬೇಗ ಬಿಡುವುದಿಲ್ಲ. ತಳದಲ್ಲಿ ತಡೆಯಿಲ್ಲದ ಮಣ್ಣಿನ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತಲೇ ಇರುತ್ತದೆ. ಬರೀ ಮಣ್ಣಿನ ಮೆತ್ತಿಗೆ ಇದ್ದಾಗ ಆ ನೀರು ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಸಿಮೆಂಟ್ ಹಾಕಿದ ಮೇಲೆ ಆರುವ ದಾರಿ ಮುಚ್ಚಿತು. ನೀರು ಸಿಮೆಂಟಿನ ಹಿಂದೆಯೇ ಏರಿ, ಅದು ಮುಗಿಯುವ ಕಡೆ ಹೊರಬಂತು. ಗಟ್ಟಿ ಮಾಡಲು ಖರ್ಚು ಮಾಡಿದ ಹಣವೇ ಹಸಿಯನ್ನು ಕಟ್ಟಿಹಾಕಿತು. ಇದನ್ನು ಹೇಳಿಕೊಡುವವರು ಯಾರೂ ಬರಲಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಇನ್ನು ಬೂಸರ. ಅದರ ಬೀಜಕಣಗಳು ಎಲ್ಲಿಂದಲೋ ಬರಬೇಕಾಗಿಲ್ಲ. ಹೊಲದ ಗಾಳಿಯಲ್ಲಿ, ದನದ ಕಣಿಕೆಯಲ್ಲಿ, ನಮ್ಮ ಅಂಗಿಯ ಮೇಲೆ ಸದಾ ಇವೆ. ಅವಕ್ಕೆ ಬೇಕಾದದ್ದು ಹಸಿ ಮತ್ತು ತಿನಿಸು. ಒದ್ದೆಯಾದ ವಸ್ತು ಒಂದೆರಡು ದಿನದಲ್ಲಿ ಆರದಿದ್ದರೆ ಬೂಸರ ಬೇರೂರಲು ತೊಡಗುತ್ತದೆ. ಕೊಣ್ಣೂರಿನ ಮನೆಯಲ್ಲಿ ತಿನಿಸಿಗೆ ಕೊರತೆಯಿಲ್ಲ: ಮಣ್ಣಿಗೆ ಕಲಸಿದ ಹೊಟ್ಟು, ಸಾರಿಸಿದ ಸಗಣಿ, ಜಂತಿಯ ಕಟ್ಟಿಗೆ, ಕೌದಿಯೊಳಗಿನ ಹಳೆಯ ಸೀರೆ, ಮಕ್ಕಳ ಪುಸ್ತಕ. ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ ಎಂಬ ಜಾತಿಗಳು ಹಸಿ ಮನೆಗಳಲ್ಲಿ ಲೋಕದ ಎಲ್ಲೆಡೆ ಸಿಗುತ್ತವೆ. ಬಣ್ಣ ನೋಡಿ ಯಾವುದು ಎಂದು ಹೇಳಲಾಗದು. ಕರಿಯದೆಲ್ಲ ವಿಷವಲ್ಲ, ಬಿಳಿಯದೆಲ್ಲ ಸಾಧುವಲ್ಲ. ಆಸ್ಪರ್ಜಿಲಸ್ ಕಣ ಎರಡು ಮೂರು ಮೈಕ್ರಾನ್ ಅಷ್ಟೇ. ಮೂಗಿನ ಕೂದಲು, ಗಂಟಲಿನ ಕಫ ದಾಟಿ ಶ್ವಾಸಕೋಶದ ತುದಿಯವರೆಗೂ ಹೋಗಬಲ್ಲದು.

ಪಡಸಾಲೆಯಲ್ಲಿ ಅದೇ ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿ ಮಾತಿನ ನಡುವೆ ಕೆಮ್ಮುತ್ತಿದ್ದರು.

“ಎಷ್ಟ ದಿನದಿಂದ ಐತಿ ಯವ್ವಾ ಈ ಕೆಮ್ಮು?”

“ಹೊಳಿ ಬಂದ್ ಹೋದಾಗಿಂದ ಐತಿ ತಮ್ಮಾ. ಬ್ಯಾಸಗ್ಯಾಗ ಕಡಿಮಿ ಆಗತೈತಿ, ಮಳಿ ಹತ್ತಿತಂದ್ರ ದಮ್ಮು ಏರತೈತಿ. ಹೊರಗ ಕಟ್ಟಿ ಮ್ಯಾಲ ಮಲಗಿದ್ರ ಆರಾಮ.”

ಯಾವ ವೈದ್ಯರಿಗಾದರೂ ಇಷ್ಟು ವಿವರ ಸಿಕ್ಕರೆ ಸಾಕು. ಒಳಗೆ ಹೆಚ್ಚು, ಹೊರಗೆ ಕಡಿಮೆ. ಮಳೆಯಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಇದು ಮನೆಯನ್ನೇ ಬೊಟ್ಟುಮಾಡಿ ತೋರಿಸುವ ಕೆಮ್ಮು. ಆದರೆ ಆಸ್ಪತ್ರೆಯಲ್ಲಿ ಕೇಳುವುದು ಎಷ್ಟು ದಿನದಿಂದ, ಕಫ ಬರುತ್ತದೆಯೇ, ಜ್ವರ ಇದೆಯೇ ಎಂದು. ಎಲ್ಲಿ ಮಲಗುತ್ತೀರಿ ಎಂದು ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ಹಸಿ ಮತ್ತು ಬೂಸರದ ಬಗ್ಗೆಯೇ ಒಂದು ಮಾರ್ಗಸೂಚಿ ತಂದಿತು. ಅದಕ್ಕೂ ಮುಂಚೆ, 2004ರಲ್ಲಿ, ಅಮೆರಿಕದ ವೈದ್ಯ ವಿಜ್ಞಾನಿಗಳ ಸಂಸ್ಥೆಯೊಂದು ಸಿಕ್ಕ ಅಧ್ಯಯನಗಳನ್ನೆಲ್ಲ ಜಾಲಾಡಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ: ಹಸಿ ಮನೆಯಲ್ಲಿರುವವರಿಗೆ ನೆಗಡಿ, ಮೂಗು ಕಟ್ಟುವುದು, ಕೆಮ್ಮು, ಎದೆಯಲ್ಲಿ ಸುಯ್ಗುಡುವುದು ಹೆಚ್ಚು, ದಮ್ಮು ಇದ್ದವರಿಗೆ ಅದು ಕೆರಳುತ್ತದೆ. ಸುರಕ್ಷಿತ ಬೂಸರ ಇಷ್ಟು ಎಂಬ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕೊಡಲಿಲ್ಲ. ಹಸಿಯನ್ನೇ ತಡೆಯಿರಿ, ಕಂಡ ಬೂಸರ ತೆಗೆಯಿರಿ ಎಂದಿತು. ಕೊಣ್ಣೂರಿನಂಥ ಊರಿಗೆ ಇದು ಅನುಕೂಲದ ಮಾತು, ಏಕೆಂದರೆ ಪ್ರಯೋಗಾಲಯ ಬೇಕಿಲ್ಲ. ಕಣ್ಣು ಮೂಗು ಸಾಕು.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬೂಸರ ಹಿಡಿದ ಬಾಡಿಗೆ ಮನೆಯಲ್ಲಿ ಬಹುಕಾಲ ಉಸಿರಾಡಿದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಕಾರಣ ಎಂದು 2022ರಲ್ಲಿ ವಿಚಾರಣೆಯ ಅಧಿಕಾರಿ ತೀರ್ಪು ಕೊಟ್ಟರು. ತಂದೆತಾಯಿ ಮತ್ತೆಮತ್ತೆ ದೂರು ಕೊಟ್ಟಿದ್ದರು. 2023ರಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನು ಬಂತು: ಸಾಮಾಜಿಕ ವಸತಿಯ ಮಾಲೀಕರು ಹಸಿ, ಬೂಸರದ ದೂರನ್ನು ಗೊತ್ತುಪಡಿಸಿದ ಕಾಲದೊಳಗೆ ಸರಿಪಡಿಸಬೇಕು. ಅಷ್ಟು ಸಿರಿವಂತ ದೇಶದಲ್ಲಿ ಒಂದು ಮಗು ಸತ್ತ ಮೇಲೆ ತಿಳಿದದ್ದು ನಮಗೆ ಸಾವಿಲ್ಲದೆ ತಿಳಿಯಲಿ ಎಂಬುದು ನನ್ನ ಆಸೆ.

ಭಯವನ್ನೂ ಅಳತೆಯಲ್ಲೇ ಇಟ್ಟುಕೊಳ್ಳಬೇಕು. ಗೋಡೆಯ ಕರಿ ಚುಕ್ಕೆ ಎಂದೊಡನೆ ಜನಕ್ಕೆ 2021ರ ‘ಬ್ಲ್ಯಾಕ್ ಫಂಗಸ್’ ನೆನಪಾಗುತ್ತದೆ. ಕೋವಿಡ್ ಎರಡನೇ ಅಲೆಯಲ್ಲಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಆ ರೋಗಿಗಳು ತುಂಬಿದ್ದನ್ನು ಈ ಕಡೆಯ ಯಾರೂ ಮರೆತಿಲ್ಲ. ಅದು ಮ್ಯೂಕರ್ ಗುಂಪಿನ ಶಿಲೀಂಧ್ರಗಳದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಕೋವಿಡ್‌ಗೆ ಕೊಟ್ಟ ಸ್ಟಿರಾಯ್ಡ್ ಸೇರಿದಾಗ ಹೆಚ್ಚಾಗಿ ಬಂದದ್ದು. ಗೋಡೆಯ ಬೂಸರದಿಂದ ಗಟ್ಟಿಮುಟ್ಟಾದ ಮನುಷ್ಯನಿಗೆ ಅದು ಬರುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಔಷಧ ತೆಗೆದುಕೊಳ್ಳುವವರು, ಹಿಂದೆ ಟಿ.ಬಿ. ಬಂದು ಶ್ವಾಸಕೋಶದಲ್ಲಿ ಗಾಯ ಉಳಿದವರು ಬೂಸರದ ಕೋಣೆಯಲ್ಲಿ ಮಲಗಬಾರದು. ಟಿ.ಬಿ. ಮಾಡಿದ ಕುಳಿಯೊಳಗೆ ಆಸ್ಪರ್ಜಿಲಸ್ ಗಂಟಾಗಿ ಬೆಳೆಯುವುದುಂಟು. ದಮ್ಮಿನವರ ಶ್ವಾಸನಾಳದಲ್ಲಿ ಅದೇ ಶಿಲೀಂಧ್ರ ಒಂದು ಬಗೆಯ ಅಲರ್ಜಿ ಎಬ್ಬಿಸುತ್ತದೆ. ಎಕ್ಸ್-ರೇಯಲ್ಲಿ ಅದು ಟಿ.ಬಿ.ಯಂತೆ ಕಂಡು, ಟಿ.ಬಿ. ಗುಳಿಗೆ ನುಂಗಿದರೂ ಗುಣವಾಗದವರು ನಮ್ಮ ದೇಶದಲ್ಲಿ ಇದ್ದಾರೆ.

ಮುಂದಿನ ಓಣಿಯಲ್ಲಿ ಒಬ್ಬ ಯಜಮಾನರು ಹಿತ್ತಿಲ ಬಣವೆಯಿಂದ ಕಣಿಕೆ ಕಿತ್ತು ದನಕ್ಕೆ ಹಾಕುತ್ತಿದ್ದರು. ತಳದ ಸಿವುಡು ಎಳೆದಾಗ ಬಿಳಿ ಧೂಳು ಎದ್ದಿತು. ಅದು ಮಣ್ಣಲ್ಲ. ಹಸಿಯಾಗಿ, ಒಳಗೇ ಬಿಸಿಯೇರಿದ ಮೇವಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಧೂಳು. ಅದನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ‘ರೈತರ ಶ್ವಾಸಕೋಶ’ ಎಂಬ ಕಾಯಿಲೆಯನ್ನು 1932ರಲ್ಲೇ ಇಂಗ್ಲೆಂಡಿನ ವೈದ್ಯರೊಬ್ಬರು ಗುರುತಿಸಿದ್ದರು. ಮೇವು ಎಳೆದ ಸಂಜೆ ಚಳಿಜ್ವರ, ಕೆಮ್ಮು, ಏದುಸಿರು, ಮರುದಿನ ಕಡಿಮೆ. ಆಯಾಸ ಎಂದು ಬಿಟ್ಟುಬಿಡುತ್ತಾರೆ. ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡರೂ ಸ್ವಲ್ಪ ತಡೆ, ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು. ಬಣವೆಯ ತಳಕ್ಕೆ ಕಲ್ಲು ಹಾಸಿ ನೆಲದಿಂದ ಎತ್ತರಿಸುವುದು ಅದಕ್ಕಿಂತ ಒಳ್ಳೆಯದು.

ಕಾಳಿನ ಮಾತು ಬೇರೆ, ಅದು ಹೊಟ್ಟೆಗೆ ಹೋಗುವ ಬೂಸರ. ಈ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು, ನೆಲದೊಳಗಿನ ಒಣ ಕುಳಿಯಲ್ಲಿ, ಬಾಯಿ ಮುಚ್ಚಿ. ಗಾಳಿಯಿಲ್ಲದ ಒಣ ಜಾಗದಲ್ಲಿ ಹುಳವೂ ಇಲ್ಲ, ಬೂಸರವೂ ಇಲ್ಲ. ಮಲಪ್ರಭಾ ಕಾಲುವೆ ಬಂದ ಮೇಲೆ ನೆಲದ ನೀರು ಏರಿತು, ಹಗೇವಿಗೆ ಹಸಿ ಬಂತು, ಜನ ಅವನ್ನು ಮುಚ್ಚಿ ಮೇಲೆ ಮನೆ ಕಟ್ಟಿಕೊಂಡರು. ನರಗುಂದ ಪಟ್ಟಣದಲ್ಲಿ ಇದ್ದಕ್ಕಿದ್ದಂತೆ ಮನೆಯೊಳಗಿನ ನೆಲ ಕುಸಿಯುವ ಸುದ್ದಿ ಓದಿರುತ್ತೀರಿ. ಆ ಹಳೆಯ ಹಗೇವುಗಳು, ಕೆಳಗೆ ಏರಿದ ಅಂತರ್ಜಲ ಎರಡೂ ಅದಕ್ಕೆ ಕಾರಣ ಎನ್ನುತ್ತಾರೆ. ಈಗ ಕಾಳು ಪಡಸಾಲೆಯ ಮೂಲೆಯ ಚೀಲದಲ್ಲಿ, ಅದೇ ಹಸಿ ಗೋಡೆಗೆ ಒರಗಿ.

1995ರಲ್ಲಿ ದಖ್ಖನಿನ ಕೆಲವು ಹಳ್ಳಿಗಳಲ್ಲಿ ಹೊಟ್ಟೆನೋವು, ಭೇದಿ ಒಮ್ಮೆಲೇ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹುಡುಕಿದಾಗ ಸಿಕ್ಕದ್ದು ಮಳೆಗೆ ಸಿಕ್ಕಿ ಬೂಸರ ಹಿಡಿದ ಜೋಳ ಮತ್ತು ಗೋವಿನಜೋಳ, ಅದರಲ್ಲಿ ಫ್ಯುಮೋನಿಸಿನ್ ಎಂಬ ವಿಷ. ಅದಕ್ಕೂ ಮುಂಚೆ 1974ರಲ್ಲಿ ಗುಜರಾತ್, ರಾಜಸ್ಥಾನಗಳ ಹಳ್ಳಿಗಳಲ್ಲಿ ಅಫ್ಲಟಾಕ್ಸಿನ್ ಇದ್ದ ಗೋವಿನಜೋಳ ತಿಂದು ನೂರರ ಆಸುಪಾಸು ಜನ ಕಾಮಾಲೆಯಾಗಿ ಸತ್ತರು. ಈ ವಿಷಗಳು ರೊಟ್ಟಿ ಬಡಿದು ಸುಟ್ಟರೆ ಪೂರಾ ಹೋಗುವುದಿಲ್ಲ. ತೊಳೆದರೂ ಪೂರಾ ಹೋಗುವುದಿಲ್ಲ. ಬೂಸರ ಹಿಡಿದ ಕಾಳನ್ನು ದನಕ್ಕೆ ಹಾಕುವ ರೂಢಿಯೂ ಸರಿಯಲ್ಲ. ಅಫ್ಲಟಾಕ್ಸಿನ್ ಹಾಲಿಗೂ ಇಳಿಯುತ್ತದೆ. ಬಡವರ ಮನೆಯಲ್ಲಿ ಒಂದು ಚೀಲ ಜೋಳ ಚೆಲ್ಲು ಎಂದು ಹೇಳುವುದು ಸುಲಭವಲ್ಲ ಎಂದು ಬಲ್ಲೆ. ಚೀಲದ ಕೆಳಗೆ ಹಲಗೆ ಇಟ್ಟು, ಗೋಡೆಯಿಂದ ಒಂದಡಿ ಈಚೆ ಸರಿಸಿ, ಬಿಸಿಲು ಬಿದ್ದಾಗಲೆಲ್ಲ ಹರವಿ ಒಣಗಿಸಿ ಎಂದು ಹೇಳಬಹುದು.

ಹೊಸ ಮನೆಗಳನ್ನೂ ನೋಡಿದೆ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಹೊಳೆಸಾಲಿನ ಹಲವು ಊರುಗಳಿಗೆ ಎತ್ತರದಲ್ಲಿ ನವಗ್ರಾಮ ಕಟ್ಟಿದರು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ ಎಂದು ಎಷ್ಟೋ ಜನ ಹಳೆಯ ಊರು ಬಿಡಲಿಲ್ಲ. ಸಿಮೆಂಟಿನ ಮನೆಗೆ ಬೂಸರ ಬರದು ಎಂಬುದೂ ನಿಜವಲ್ಲ. ಸಣ್ಣ ಕೋಣೆ, ಒಳಗೇ ಬಚ್ಚಲು, ಒಳಗೇ ಹಗ್ಗದ ಮೇಲೆ ಒದ್ದೆ ಬಟ್ಟೆ, ಸೊಳ್ಳೆಗೆಂದು ಸದಾ ಮುಚ್ಚಿದ ಕಿಟಕಿ: ಸ್ನಾನದ ಹಬೆ, ಅನ್ನದ ಹಬೆ ತಂಪು ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ತಗಡಿನ ಶೆಡ್ಡಿನಲ್ಲಂತೂ ಬೆಳಗಿನ ಜಾವ ತಗಡಿನಿಂದಲೇ ಹನಿ ಬೀಳುತ್ತದೆ.

ಹಬ್ಬದ ಸ್ವಚ್ಛತೆ ನೋಡುತ್ತ ನನಗೆ ಹೆಚ್ಚು ಕಳವಳವಾದದ್ದು ಕಸಬರಿಗೆಯಿಂದ. ಒಣ ಗೋಡೆಯ ಬೂಸರವನ್ನು ಜೋರಾಗಿ ಉಜ್ಜುತ್ತಿದ್ದರು. ಪಕ್ಕದಲ್ಲೇ ಕೂಸು ಆಡುತ್ತಿತ್ತು. ಗೋಡೆಯಲ್ಲಿದ್ದ ಕಣಗಳೆಲ್ಲ ಗಾಳಿಗೆ ಬರುವುದು ಆ ಗಳಿಗೆಯಲ್ಲಿ. ಮೊದಲು ಕೂಸು, ಅಜ್ಜಿ, ದಮ್ಮಿನವರನ್ನು ಹೊರಗೆ ಕಳಿಸಬೇಕು. ಬಾಗಿಲು, ಬೆಳಕಿಂಡಿ ತೆರೆಯಬೇಕು. ಉಜ್ಜುವವರು ಎನ್95 ಮಾಸ್ಕ್ ಹಾಕಿ, ಕೈಗೆ ಏನಾದರೂ ಸುತ್ತಿಕೊಂಡು, ಸೋಪಿನ ನೀರಿನ ಒದ್ದೆ ಅರಿವೆಯಿಂದ ಒರೆಸಬೇಕು. ಅರಿವೆ ಆಮೇಲೆ ಬಿಸಾಡಬೇಕು. ಪಂಚಾಯಿತಿಯವರು ಕೊಡುವ ಬ್ಲೀಚಿಂಗ್ ಪುಡಿ ಮಣ್ಣಿನ ಗೋಡೆಯ ಮೇಲ್ಮೈಯನ್ನಷ್ಟೇ ಬೆಳ್ಳಗೆ ಮಾಡುತ್ತದೆ, ಒಳಗಿನದು ಉಳಿಯುತ್ತದೆ. ಸತ್ತ ಬೂಸರವೂ ಅಲರ್ಜಿ ಕೊಡುತ್ತದೆ, ಆದ್ದರಿಂದ ಕೊಲ್ಲುವುದಕ್ಕಿಂತ ತೆಗೆಯುವುದು ಮುಖ್ಯ. ಬ್ಲೀಚಿಂಗ್ ಜೊತೆ ಪಾಯಖಾನೆ ತೊಳೆಯುವ ಆ್ಯಸಿಡ್ ಯಾವತ್ತೂ ಬೆರೆಸಬಾರದು. ಏಳುವ ಅನಿಲ ಎದೆ ಸುಡುತ್ತದೆ.

ಆಮೇಲೆ ಸುಣ್ಣ. ಹಿರಿಯರು ವರ್ಷವರ್ಷ ಹಚ್ಚುತ್ತಿದ್ದ ಸಾದಾ ಸುಣ್ಣವೇ. ಅದರ ಕ್ಷಾರ ಬೂಸರಕ್ಕೆ ಆಗದು, ಗೋಡೆ ಆರುವುದಕ್ಕೂ ಅಡ್ಡಿಯಿಲ್ಲ. ಅಂಗಡಿಯ ಹೊಳಪಿನ ಪೇಂಟು ಎರಡನ್ನೂ ಕೆಡಿಸುತ್ತದೆ. ಹಸಿ ಗೋಡೆಯ ಸಿಮೆಂಟ್ ಗಿಲಾವು ಕೆತ್ತಿ ಮಣ್ಣು-ಸುಣ್ಣದ ಮೆತ್ತಿಗೆ ಮಾಡಿಸಿದರೆ ಖರ್ಚು ಕಡಿಮೆ, ಲಾಭ ಹೆಚ್ಚು. ಗೋಡೆಯ ಬುಡದಲ್ಲಿ ಬಚ್ಚಲ ನೀರು ನಿಲ್ಲದಂತೆ ಕಾಲುವೆ ತೆಗೆದರೆ ಇನ್ನೂ ಒಳ್ಳೆಯದು.

ಹೊಳೆಯ ದಂಡೆಯಲ್ಲಿ ಸಂಜೆಯವರೆಗೂ ಕೌದಿಗಳು ಒಣಗುತ್ತಿದ್ದವು. ಅವುಗಳ ಮೇಲಿನ ಅರಿವೆ ಆರಿದರೂ ಒಳಪದರ ಹಸಿಯಿರುತ್ತದೆ. ಎರಡು ಮೂರು ದಿನದ ಗಟ್ಟಿ ಬಿಸಿಲು ಬೇಕು, ಮಗುಚುತ್ತಿರಬೇಕು. ನೆರೆಯಲ್ಲಿ ನೆನೆದು ವಾಸನೆ ಹಿಡಿದ ಕೌದಿ ಎಷ್ಟೇ ಮಮತೆಯದಾದರೂ ಕೂಸಿಗೆ ಹೊದಿಸಬಾರದು.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಒಂದೇ. ನೆರೆ ಇಳಿದ ಮೇಲೆ ಮನೆಹಾನಿಯ ಪಟ್ಟಿ ಬರೆಯುವಾಗ, ಬೀಳದಿದ್ದರೂ ನೀರು ಹೊಕ್ಕ ಮನೆಗಳಿಗೆ ಒಂದು ಕಾಲಂ ಇಡಿ. ಆ ಮನೆಗಳಿಗೆ ಸುಣ್ಣ, ಮಾಸ್ಕ್, ಹೊಸ ಹಾಸಿಗೆ ಕೊಡಿ; ಗೋಡೆ ಆರುವವರೆಗೆ ಹಸುಗೂಸು, ಮುದುಕರು, ದಮ್ಮಿನವರು ಬೇರೆಡೆ ಮಲಗಲು ಒಣ ಜಾಗ ಕೊಡಿ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಜ್ವರದ ಜೊತೆ ಗೋಡೆಯನ್ನೂ ನೋಡಿ ಬರೆದುಕೊಳ್ಳಲಿ. ಐದು ಲಕ್ಷದ ಲೆಕ್ಕದ ಮುಂದೆ ಇದು ದೊಡ್ಡ ಖರ್ಚಲ್ಲ.

ಹೊಳೆಸಾಲಿನ ಓದುಗರಿಗೆ ಒಂದು ಮಾತು: ಎರಡು ವಾರ ದಾಟಿದ ಕೆಮ್ಮನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ, ಬೇಕಾದರೆ ಗದಗಿನ ಜಿಮ್ಸ್‌ಗೆ ಹೋಗಿ. ದಮ್ಮಿಗೆ ಪಂಪು ಬರೆದುಕೊಟ್ಟರೆ ಅಂಜದೆ ತೆಗೆದುಕೊಳ್ಳಿ, ಅದು ಚಟವಾಗುವುದಿಲ್ಲ. ಮತ್ತು ವೈದ್ಯರು ಕೇಳದಿದ್ದರೂ ಹೇಳಿ: ನಮ್ಮ ಮನೆಗೆ ಹೊಳೆ ಹೊಕ್ಕಿತ್ತು, ಗೋಡೆ ಇನ್ನೂ ಹಸಿ ಇದೆ, ನಾನು ಅದರ ಪಕ್ಕದಲ್ಲೇ ಮಲಗುತ್ತೇನೆ.